ದುಖಾನ್ ಕ್ಲಬ್ಬಿನ ಆರು ಡಬ್ಬಿಗಳು

"ಎಪ್ಪತ್ತೈದು ವರ್ಷ ಉಳಿದದ್ದು, ಇನ್ನೈದು ದಿನ ಉಳಿಯಬಾರದಿತ್ತೆ?"

ಇಂಗ್ಲಿಷಿನಲ್ಲಿ ಆ ಹೆಂಗಸು ಕೇಳಿದ್ದು ಯಾರನ್ನೂ ಅಲ್ಲ. ದೋಹಾದಾಚೆಯ ಎಣ್ಣೆ ಊರು ದುಖಾನ್‌ನ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು, ಎದುರಿನ ಬರಿ ಗೋಡೆಯ ಕಡೆ ಮುಖ ಮಾಡಿ ಕೇಳಿದ್ದು. ಇದನ್ನೂ ಅರಬಿಗೆ ತಿರುಗಿಸಬೇಕೋ ಬೇಡವೋ ತಿಳಿಯದೆ ಠಾಣೆಯ ದುಭಾಷಿ ಲ್ಯಾನ್ಸ್‌ಲಾಟ್ ಡಿಸಿಲ್ವ ಕ್ಯಾಪ್ಟನ್ ಮುಬಾರಕ್ ಅವರ ಮುಖ ನೋಡಿದ.

"ಅದು ಬೇಡ," ಎಂದರು ಕ್ಯಾಪ್ಟನ್. "ಏನು ಹೋಯಿತು, ಎಲ್ಲಿಂದ, ಯಾವಾಗ. ಅಷ್ಟು ಬರೆ."

1996ರ ಅಕ್ಟೋಬರ್ 22, ಮಂಗಳವಾರ, ಬೆಳಿಗ್ಗೆ 9.10. ಊರಲ್ಲಾದರೆ ಇದಕ್ಕೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ಹೆಸರು ಬೇರೆ, ಕೆಲಸ ಅದೇ. ದೂರುದಾರರು ಡಾಕ್ಟರ್ ಹೈಡ್ರುನ್, ಜರ್ಮನಿಯ ಒಂದು ಚಲನಚಿತ್ರ ಸಂಗ್ರಹಾಲಯದವರು, ವಯಸ್ಸು ಐವತ್ತೊಂದು. ಕಳುವಾದ ವಸ್ತು, ಆರು ತಗಡಿನ ಡಬ್ಬಿಗಳಲ್ಲಿದ್ದ ಒಂದು ಮೂಕಿ ಸಿನಿಮಾ. 1921ರಲ್ಲಿ ತೆಗೆದದ್ದು. ಹಡಗು ಒಡೆದು ಪರದೇಶದ ದಡ ಸೇರಿದ ನಾವಿಕನೊಬ್ಬ ಮರಳುಗಾಡು ದಾಟುವ ಸಾಹಸದ ಕಾದಂಬರಿಯೊಂದನ್ನು ಆಧರಿಸಿದ್ದು. ಯುದ್ಧದ ಕಾಲದಲ್ಲಿ ಎಲ್ಲ ಪ್ರತಿಗಳೂ ನಾಶವಾದವು ಎಂದು ಅವಳ ದೇಶದವರು ಕೈಬಿಟ್ಟಿದ್ದರು. ಆದರೆ ಐವತ್ತರ ದಶಕದಲ್ಲಿ ಎಣ್ಣೆ ಕಂಪನಿಯ ಆಸ್ಪತ್ರೆಗೆ ಬಂದಿದ್ದ ಜರ್ಮನ್ ವೈದ್ಯನೊಬ್ಬ ಒಂದು ಪ್ರತಿಯನ್ನು ಜೊತೆಗೆ ತಂದು, ಹೋಗುವಾಗ ದುಖಾನ್‌ನ ನೌಕರರ ಕ್ಲಬ್ಬಿಗೇ ಬಿಟ್ಟು ಹೋಗಿದ್ದ. ಅವನ ಹಳೆಯ ಕಾಗದವೊಂದರಿಂದ ಅದು ಗೊತ್ತಾಗಿ ಅವಳು ಬಂದಿದ್ದಳು. ಹದಿನೇಳರಂದು ಡಬ್ಬಿಗಳನ್ನು ಬಿಚ್ಚಿ ನೋಡಿ, ಎಲ್ಲ ಇವೆ ಎಂದು ಸಹಿ ಹಾಕಿದ್ದಳು. ಇಂದು ಒಯ್ಯಬೇಕಿತ್ತು. ಇಂದು ಕಪಾಟು ಬರಿದಾಗಿತ್ತು.

"ಬೆಲೆ?" ಎಂದು ಕೇಳಿದರು ಕ್ಯಾಪ್ಟನ್.

"ಕಟ್ಟಲಾಗುವುದಿಲ್ಲ."

ಪೇದೆ ಸಾಲೆಹ್ ಯೆಮನ್‌ನವನು, ಮಾತು ಕಮ್ಮಿ, ಹಾಸ್ಯ ಜಾಸ್ತಿ. "ಅದನ್ನು ಇವಳು ಕ್ಲಬ್ಬಿನಲ್ಲೂ ಹೇಳಿರಬೇಕು," ಎಂದು ಲ್ಯಾನ್ಸ್‌ಲಾಟನ ಕಿವಿಯಲ್ಲಿ ಹೇಳಿದ. "ಅಲ್ಲಿಗೆ ಕೆಟ್ಟಿತು."

10.45ಕ್ಕೆ ಸ್ಥಳದ ಮಹಜರು ಆರಂಭವಾಯಿತು. ಕ್ಲಬ್ಬಿನ ಬಯಲು ಚಿತ್ರಮಂದಿರದ ಹಿಂದೆ ಪ್ರೊಜೆಕ್ಟರಿನ ಕೋಣೆ. ಕಾಂಕ್ರೀಟಿನ ಗಟ್ಟಿ ಗೋಡೆ, ಒಂದೇ ಬಾಗಿಲು, ಪರದೆಯ ಕಡೆಗೆ ಎರಡು ಕಿಂಡಿ. ಕಿಂಡಿಗಳ ಕಬ್ಬಿಣದ ಮುಚ್ಚಳ ಕೆಳಗಿಳಿದಿತ್ತು. ಬೀಗ ಮುರಿದಿರಲಿಲ್ಲ. ಗೋಡೆ, ಸೂರು ಎಲ್ಲ ಹೊಸ ಬಿಳಿ ಬಣ್ಣದಿಂದ ಕಣ್ಣು ಕುಕ್ಕುತ್ತಿದ್ದವು.

ಸಾಲೆಹ್ ಅಳತೆ ಹೇಳುತ್ತ ಹೋದ, ಲ್ಯಾನ್ಸ್‌ಲಾಟ್ ಬರೆಯುತ್ತ ಹೋದ. ಪ್ರೊಜೆಕ್ಟರಿನ ಹತ್ತಿರ ಬಂದಾಗ ಅವನ ಪೆನ್ನು ನಿಂತಿತು. ಯಂತ್ರದ ಹಿಂಬದಿಯ ಮೂಲೆಯಲ್ಲಿ ಕಡಲೆ ಗಾತ್ರದ ಕೆಂಪು ಚುಕ್ಕೆ. ಅದರ ನಡುವೆ ಅಂಟಿಕೊಂಡ ಒಂದು ಅಕ್ಕಿಕಾಳು.

"ಕೆಂಪು ಬಣ್ಣ, ಹಳೆಯದು," ಎಂದ ಸಾಲೆಹ್.

ಹಳೆಯದಲ್ಲ. ಲ್ಯಾನ್ಸ್‌ಲಾಟನ ಮಾವನಿಗೆ ಉಡುಪಿಯಲ್ಲಿ ಅಚ್ಚುಕೂಟವಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಕೆಲಸಗಾರರು ಅಚ್ಚಿನ ಯಂತ್ರಕ್ಕೆ ಕುಂಕುಮ ಇಟ್ಟು ಅಕ್ಷತೆ ಹಾಕುವಾಗ ಕೊರಳಿನಲ್ಲಿ ಶಿಲುಬೆ ಹಾಕಿಕೊಂಡ ಮಾವ ಬಾಗಿಲ ಬಳಿ ಕೈ ಕಟ್ಟಿ ನಿಲ್ಲುತ್ತಿದ್ದ. ರಾತ್ರಿ ಪಕ್ಕದ ಮನೆಯ ಜಗುಲಿಯಲ್ಲಿ ಪುರಾಣ ಓದುತ್ತಿದ್ದರೆ ಲ್ಯಾನ್ಸ್‌ಲಾಟ್ ಕಂಬಕ್ಕೆ ಒರಗಿ ಕೇಳುತ್ತಿದ್ದ. ಕೇಳುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಹೇಳುವುದು ಬರಲಿಲ್ಲ. ಬೇರೆಯವರು ಹೇಳಿದ್ದನ್ನು ಹೇಳುವ ಕೆಲಸ ಸಿಕ್ಕಿತು. ಮೊನ್ನೆ ಭಾನುವಾರ ಆಯುಧಪೂಜೆ ಎಂಬುದು ಅವನಿಗೆ ನೆನಪಿತ್ತು.

ತಲೆ ಎತ್ತಿದಾಗ ಬಾಗಿಲಲ್ಲಿ ನಿಂತ ಕೋಣೆಯ ಉಸ್ತುವಾರಿ ವಿರುಪಾಕ್ಷಪ್ಪ ಅವನನ್ನೇ ನೋಡುತ್ತಿದ್ದ. ಇಬ್ಬರೂ ಕಣ್ಣು ತಪ್ಪಿಸಿದರು.

"ಬರೆದೆಯಾ?" ಎಂದ ಸಾಲೆಹ್.

'ಕೆಂಪು ಬಣ್ಣ, ಹಳೆಯದು' ಎಂದು ಲ್ಯಾನ್ಸ್‌ಲಾಟ್ ಬರೆದ. ದುಭಾಷಿಯ ಕೆಲಸ ಬಾಯಿಂದ ಬಂದದ್ದಕ್ಕೆ ಮಾತ್ರ. ಕಣ್ಣಿಗೆ ಬಿದ್ದದ್ದಕ್ಕೆ ಅವನು ಹೊಣೆಯಲ್ಲ. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ.

11.30ಕ್ಕೆ ವಿರುಪಾಕ್ಷಪ್ಪನ ಹೇಳಿಕೆ. ವಯಸ್ಸು ಐವತ್ತೆಂಟು. ಹುನಗುಂದದ ಕಡೆಯವನು, ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದು, ಮುಂಬಯಿ ಮೂಲಕ ಬಂದು ಮೂವತ್ತೆರಡು ವರ್ಷವಾಗಿತ್ತು.

"ಕೋಣೆಯ ಕೀಲಿ ಯಾರ ಹತ್ತಿರ?"

"ನನ್ನ ಕಡೆ ಒಂದು, ಆಫೀಸಿನ್ಯಾಗ ಒಂದು."

"ಬಣ್ಣ ಹೊಡೆದದ್ದು ಯಾವಾಗ?"

"ನಿನ್ನಿ, ಸೋಮವಾರ. ನವೆಂಬರದಾಗ ಸಿನಿಮಾ ಸುರು ಅಕ್ಕಾವಲ್ರಿ. ವರ್ಷಾ ಹೊಡೀತೀನಿ."

"ಕಿಂಡಿ ಯಾಕೆ ಮುಚ್ಚಿದೆ?"

"ಧೂಳ ಬರಬಾರದಂತ."

"ಬಣ್ಣ ಹೊಡೆಯುವಾಗ ಡಬ್ಬಿಗಳು ಇದ್ದವೆ?"

"ಕಪಾಟಿಗೆ ಬಟ್ಟಿ ಮುಚ್ಚಿತ್ರಿ. ನೋಡಿಲ್ಲ."

"ಭಾನುವಾರ?"

"ಭಾನುವಾರ ನಾ ಈ ಕಡೆ ಬಂದಽ ಇಲ್ಲರಿ."

"ಬಲಗೈಗೆ ಏನು ಪಟ್ಟಿ?"

"ಬಣ್ಣದ ಡಬ್ಬಿ ತಗಡು ಕೊಯ್ತು."

ಲ್ಯಾನ್ಸ್‌ಲಾಟ್ ಪ್ರತಿ ಮಾತನ್ನೂ ಹೆಚ್ಚುಕಮ್ಮಿ ಇಲ್ಲದೆ ಅರಬಿಗೆ ತಿರುಗಿಸಿದ. ವರ್ಷ ವರ್ಷ ಬಣ್ಣ ಹೊಡೆಯುವುದು ನಿಜವೆಂದು ಕ್ಲಬ್ಬಿನ ಕಚೇರಿಯೂ ಹೇಳಿತು.

ಮಧ್ಯಾಹ್ನ 1.20ಕ್ಕೆ ಗೇಟಿನ ಪುಸ್ತಕ ತರಿಸಿದರು. ಭಾನುವಾರ ಸಂಜೆ 5.40ಕ್ಕೆ ಕ್ಲಬ್ಬಿನ ಹಿಂಬಾಗಿಲಿಂದ ಕಂಪನಿಯ ಪಿಕಪ್ ಒಂದು ಹೊರಗೆ ಹೋಗಿತ್ತು. ಚಾಲಕ ರಾಫೆಲ್ ಲೋಬೊ, ಶಿರ್ವದವನು. ಅವನ ಕಾಗದ ನೋಡಿದ ಕ್ಯಾಪ್ಟನ್ ಹುಬ್ಬೇರಿಸಿದರು. ಕೆಲಸ ಬಿಟ್ಟು ಮೂವತ್ತನೇ ತಾರೀಕು ಶಾಶ್ವತವಾಗಿ ಊರಿಗೆ ಹೊರಟಿದ್ದ.

ರಾಫೆಲ್ ನಗುತ್ತಲೇ ಬಂದ. ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದ, ವಿರುಪಾಕ್ಷಪ್ಪ ಎದುರಿಗಿದ್ದನಲ್ಲ.

"ಎಂತ ಸಿನಿಮಾ ಮಾರಾಯ್ರೆ, ನನಗೆ ಲಾರಿಯ ಟೇಪೇ ಸರಿಯಾಗಿ ಹಾಕ್ಲಿಕ್ಕೆ ಬರುದಿಲ್ಲ. ವಿರುಪಾಕ್ಷಣ್ಣ ಒಂದು ಸಿಮೆಂಟು ಚೀಲ ಕೊಟ್ರು. ಕಸ, ಹೋಗುವಾಗ ಡಂಪಿಗೆ ಬಿಸಾಡು ಅಂದ್ರು. ಬಿಸಾಡಿದೆ. ಖಲಾಸ್."

"ಚೀಲದಲ್ಲಿ ಏನಿತ್ತು?"

"ಕಸದ ಬಾಯಿ ಬಿಚ್ಚಿ ನೋಡ್ತಾರಾ?"

ಕ್ಯಾಪ್ಟನ್ ವಿರುಪಾಕ್ಷಪ್ಪನ ಕಡೆ ತಿರುಗಿದರು. "ಚೀಲ ಕೊಟ್ಟೆಯಾ?"

ವಿರುಪಾಕ್ಷಪ್ಪ ನೆಲ ನೋಡಿದ. "ನಾ ಯಾವ ಚೀಲಾನೂ ಕೊಟ್ಟಿಲ್ಲರಿ."

"ಏ ವಿರುಪಾಕ್ಷಣ್ಣ, ತಮಾಷೆ ಸಾಕು," ಎಂದು ರಾಫೆಲ್ ನಕ್ಕ. ಆಮೇಲೆ ಅವನ ನಗು ಮುಖದಲ್ಲೇ ಉಳಿದು ನಿಧಾನವಾಗಿ ಒಣಗಿತು.

ವಿಚಾರಣೆಗೆಂದು ಅವನನ್ನು ಠಾಣೆಯಲ್ಲೇ ಇರಿಸಿಕೊಂಡರು. ಬೆಲ್ಟು, ಶೂ ಲೇಸು, ಕೊರಳಿನ ಜಪಮಾಲೆ ತೆಗೆದು ಲಕೋಟೆಗೆ ಹಾಕಿದ್ದನ್ನು ಲ್ಯಾನ್ಸ್‌ಲಾಟನೇ ಪಟ್ಟಿ ಮಾಡಿದ. ಒಳಗೆ ಹೋಗುವ ಮುಂಚೆ ರಾಫೆಲ್ ಈ ಬಾರಿ ಕೊಂಕಣಿಯಲ್ಲಿ ಕೇಳಿದ್ದು ಒಂದೇ: ನವೆಂಬರ್ ಮೂರಕ್ಕೆ ನನ್ನ ಮಗಳು ಮೆಲನಿ ಕಾನ್ವೆಂಟಿನಲ್ಲಿ ಕನ್ಯಾಸ್ತ್ರೀಯಾಗುವ ವ್ರತ ತೆಗೆದುಕೊಳ್ಳುತ್ತಾಳೆ, ಅಷ್ಟರೊಳಗೆ ಮುಗಿಯುತ್ತದಲ್ಲ?

23, ಬುಧವಾರ. ಸಾಲೆಹ್ ಮತ್ತಿಬ್ಬರು ಪೇದೆಗಳು ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಡಂಪನ್ನು ಕೆದಕಿದರು. ಸೋಮವಾರವೇ ಬುಲ್ಡೋಜರ್ ಬಂದು ಕಸವನ್ನೆಲ್ಲ ಮರಳಿನಡಿ ಹೂತು ಹೋಗಿತ್ತು. ಸಾಲೆಹ್ ಹುಬ್ಬಿನವರೆಗೂ ಧೂಳು ತುಂಬಿಕೊಂಡು ಬಂದು ವರದಿ ಒಪ್ಪಿಸಿದ. "ಟೈರು ಹನ್ನೆರಡು, ಸ್ನಾನದ ತೊಟ್ಟಿ ಒಂದು. ಸಿನಿಮಾ ಮಾಫಿ, ಇಲ್ಲವೇ ಇಲ್ಲ."

24, ಗುರುವಾರ. ಕ್ಲಬ್ಬಿಗೆ ಬಂದುಹೋಗುವವರ ಹೇಳಿಕೆ. ಪೈಪ್ ಜೋಡಿಸುವ ಚನ್ನಬಸವ ಇಪ್ಪತ್ತೈದು ವರ್ಷದಿಂದ ಇಲ್ಲಿದ್ದ.

"ಆ ಸಿನಿಮಾ ನೋಡಿದ್ದೀಯಾ?"

"ಒಂದಽ ಸಲ ಏನ್ರಿ? ಎಪ್ಪತ್ತೊಂದರ ಚಳಿಗಾಲದೊಳಗ ಹೊಸ ಪಿಚ್ಚರ ಬರಲಿಲ್ಲ. ವಿರುಪಾಕ್ಷಪ್ಪ ಅದನ್ನಽ ಹಾಕಿದ. ಪರದೆ ಮ್ಯಾಲಿನ ಜರ್ಮನ್ ಅಕ್ಷರ ಯಾರಿಗೂ ಓದಾಕ ಬರಂಗಿಲ್ಲ. ಮಷೀನು ಇನ್ನೊಬ್ಬಗ ಕೊಟ್ಟು, ತಾ ಪರದೆ ಬಾಜೂಕ ನಿಂತು ಪುರಾಣದ ಧಾಟಿಯೊಳಗ ಕತಿ ಹೇಳಿದ. ಸುಳ್ಳ ಹೇಳೂದಿಲ್ಲ ನೋಡ್ರಿ, ಆ ನಾವಿಕನ ಒಂಟಿ ಸತ್ತಾಗ ಇಡೀ ಕ್ಯಾಂಪ್ ಅತ್ತೈತಿ. ಆಮ್ಯಾಲ ವರ್ಷಾ ಕೇಳತಿದ್ವಿ, ವರ್ಷಾ ಹೇಳತಿದ್ದ. ಒಂದು ಮಾತು ಆಚೀಚಿ ಆಗತಿರಲಿಲ್ಲ."

"ಭಾನುವಾರ ಅವನು ಎಲ್ಲಿದ್ದ?"

ಅಷ್ಟು ಹೊತ್ತು ಬಾಯಿ ತುಂಬ ಮಾತಾಡಿದ ಚನ್ನಬಸವ ಲ್ಯಾನ್ಸ್‌ಲಾಟನ ಮುಖ ನೋಡಿದ. "ಗೊತ್ತಿಲ್ಲರಿ," ಎಂದ. ಲ್ಯಾನ್ಸ್‌ಲಾಟ್ ಅದನ್ನೂ ತಿರುಗಿಸಿದ. ಗೊತ್ತಿದ್ದ ಇಬ್ಬರ ನಡುವೆ ಆ ಮಾತು ಕೈಯಿಂದ ಕೈಗೆ ದಾಟಿತು.

25, ಶುಕ್ರವಾರ. ರಜೆ. ದೋಹಾದ ಅಲ್ ಹಿಲಾಲ್‌ನ ಲ್ಯಾನ್ಸ್‌ಲಾಟನ ಮನೆಯಿಂದ ನಾಲ್ಕು ಬೀದಿ ಆಚೆ, ಒಂದು ಬಾಡಿಗೆ ಬಂಗಲೆಯ ಹಾಲಿನಲ್ಲಿ ಪರದೆ ಎಳೆದು ಕ್ರೈಸ್ತರ ಶುಕ್ರವಾರದ ಪೂಜೆ ನಡೆಯುತ್ತಿತ್ತು. ಹಾಡು ಇರುತ್ತಿತ್ತು, ದನಿ ಎತ್ತುವಂತಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ದೇವರನ್ನು ಕರೆಯುವುದು ಹೇಗೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಕೆಂಪು ಚುಕ್ಕೆಯನ್ನು ಅವನು ಮುಚ್ಚಿಟ್ಟದ್ದು ಅದಕ್ಕೇ. ಒಬ್ಬನ ದೇವರನ್ನು ಪೊಲೀಸರಿಗೆ ತೋರಿಸುವ ಕೈ ತನ್ನದಾಗಬಾರದು ಎಂದು. ಒಳ್ಳೆಯ ಕಾರಣವೇ. ಆದರೆ ಒಳ್ಳೆಯ ಕಾರಣಕ್ಕೆ ಸುಮ್ಮನಿದ್ದರೂ ಬೀಗದ ಒಳಗೆ ಮಲಗಿದವನ ಚಾಪೆ ಮೆತ್ತಗಾಗುವುದಿಲ್ಲ.

ಪರಮಪ್ರಸಾದಕ್ಕೆ ಸಾಲು ಎದ್ದಾಗ, ತಪ್ಪು ಒಪ್ಪಿಕೊಳ್ಳದವನು ಅದನ್ನು ತೆಗೆದುಕೊಳ್ಳುವಂತಿಲ್ಲವೆಂದು, ಅವನು ಏಳಲಿಲ್ಲ. ಮೊಣಕಾಲು ಸರಿಸಿ ಪಕ್ಕದವರಿಗೆ ದಾರಿ ಬಿಟ್ಟ. ಮುಂದಿನ ಸಾಲಿನಿಂದ ರಾಫೆಲನ ಹೆಂಡತಿ ರೋಸ್‌ಮೇರಿ ಒಮ್ಮೆ ತಿರುಗಿ ನೋಡಿದಳು. ದೋಹಾದ ಆಸ್ಪತ್ರೆಯೊಂದರಲ್ಲಿ ಆಯಾ, ಸಮವಸ್ತ್ರದಲ್ಲೇ ಬಂದಿದ್ದಳು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದಳು. "ಲ್ಯಾನ್ಸಿಬಾಬ್, ಅವರಿಗೆ ಊಟ ಸೇರ್ತದಾ?"

"ಸೇರ್ತದೆ."

"ಸುಳ್ಳು. ಅವರಿಗೆ ಮೀನಿಲ್ಲದಿದ್ದರೆ ಸೇರುದಿಲ್ಲ." ಆಮೇಲೆ ಹೇಳಿದಳು: "ನಾನು ಶಿಫಾರಸು ಕೇಳ್ಲಿಕ್ಕೆ ಬಂದದ್ದಲ್ಲ. ನೀವು ಅಲ್ಲೇ ಇರ್ತೀರಿ. ನಿಮಗೆ ಏನಾದ್ರೂ ಕಂಡ್ರೆ ಹೇಳ್ತೀರಲ್ಲ, ಆ ಒಂದು ಧೈರ್ಯ ನನಗೆ."

ಅವನು ತಲೆ ಆಡಿಸಿದ. ಚಪ್ಪಲಿಯ ಬಾರು ಹಾಕಲು ಮೂರು ಸಲ ಬಗ್ಗಬೇಕಾಯಿತು.

26, ಶನಿವಾರ, ಬೆಳಿಗ್ಗೆ 7.30. ಕ್ಯಾಪ್ಟನ್ ಮುಬಾರಕ್ ಚಹಾ ಕುಡಿಯುತ್ತಿದ್ದರು. ಲ್ಯಾನ್ಸ್‌ಲಾಟ್ ಕೂರಲಿಲ್ಲ. ನಿಂತೇ ಹೇಳಿದ. ಕೆಂಪು ಚುಕ್ಕೆ ಬಣ್ಣವಲ್ಲ, ಕುಂಕುಮ. ವರ್ಷಕ್ಕೊಮ್ಮೆ ತಮ್ಮ ಕಡೆ ಯಂತ್ರಕ್ಕೆ, ಆಯುಧಕ್ಕೆ ಪೂಜೆ ಮಾಡುವ ದಿನ ಬರುತ್ತದೆ. ಈ ವರ್ಷ ಅದು ಭಾನುವಾರ ಬಂದಿತ್ತು. ಅಂದು ಕೋಣೆಗೆ ಕಾಲಿಟ್ಟೇ ಇಲ್ಲ ಎಂದ ಮನುಷ್ಯ ಅಂದು ಅಲ್ಲಿದ್ದ.

ಕ್ಯಾಪ್ಟನ್ ಲೋಟ ಕೆಳಗಿಟ್ಟರು. "ಮಂಗಳವಾರವೇ ಕಂಡದ್ದೆ?"

"ಹೌದು ಸಾರ್."

"ದುಭಾಷಿಗೆ ಕಣ್ಣಿಲ್ಲ ಎಂದುಕೊಂಡಿದ್ದೆ," ಎಂದರು ಅವರು. "ಕಣ್ಣಿತ್ತು. ಇಲ್ಲದ್ದು ನಾಲಿಗೆ." ಟೋಪಿ ಹಾಕಿಕೊಂಡರು. "ಯಲ್ಲಾ, ನಡಿ."

9.00ಕ್ಕೆ ಎರಡನೇ ಮಹಜರು. ಸಾಲೆಹ್ ಜೇಬಿನ ಚಾಕುವಿನಿಂದ ಗೋಡೆ ಕೆರೆದ. ಬಿಳಿ ಬಣ್ಣದ ಕೆಳಗೆ ಕಪ್ಪು. ಇನ್ನೊಂದು ಕಡೆ ಕೆರೆದ, ಅಲ್ಲೂ ಕಪ್ಪು. ಕುರ್ಚಿ ಹತ್ತಿ ಸೂರು ಕೆರೆದಾಗ ಮಸಿ ಅವನ ಟೋಪಿಯ ಮೇಲೆ ಉದುರಿತು. ಕಿಂಡಿಯ ಮುಚ್ಚಳವನ್ನು ಎತ್ತಿ ಹಿಡಿಯುವ ಸರಪಳಿಯಲ್ಲಿ, ಬೆಂಕಿ ತಗುಲಿದರೆ ಕರಗಿ ಮುಚ್ಚಳ ಬೀಳಲೆಂದೇ ಇಟ್ಟ ಸೀಸದ ಕೊಂಡಿಯೊಂದು ಇರುತ್ತದೆ. ಅದು ಕರಗಿ ಹನಿಯಾಗಿ ನೇತಾಡುತ್ತಿತ್ತು. ಅದನ್ನು ಕಳಚಿ ಲಕೋಟೆಗೆ ಹಾಕಿದರು.

"ಕೈ ಬಿಚ್ಚು," ಎಂದರು ಕ್ಯಾಪ್ಟನ್.

ವಿರುಪಾಕ್ಷಪ್ಪ ತಾನೇ ಪಟ್ಟಿ ಬಿಚ್ಚಿದ. ಅಂಗೈಯ ಚರ್ಮ ಸುಲಿದು ಕೆಂಪಾಗಿತ್ತು. ತಗಡು ಕೊಯ್ದ ಗಾಯ ಹಾಗಿರುವುದಿಲ್ಲ.

"ಇನ್ನ ಕೇಳಬ್ಯಾಡ್ರಿ," ಎಂದ ಅವನು. "ನಾನಽ ಹೇಳತೀನಿ. ಬರಕೋರಿ."

ಪ್ರೊಜೆಕ್ಟರಿನ ಮಗ್ಗುಲಿನ ಸ್ಟೂಲಿನ ಮೇಲೆ ಕೂತು ಹೇಳಿದ. ಲ್ಯಾನ್ಸ್‌ಲಾಟ್ ಎದುರು ಕೂತು ಬರೆದ.

ಮೂವತ್ತೆರಡು ವರ್ಷವೂ ಅವನು ಆಯುಧಪೂಜೆಯಂದು ಬಾಗಿಲು ಹಾಕಿಕೊಂಡು ಯಂತ್ರಕ್ಕೆ ಕುಂಕುಮ ಇಟ್ಟಿದ್ದ. ಡಬ್ಬಿಗಳಿಗೂ ಇಡುತ್ತಿದ್ದ, ಮುಚ್ಚಳದ ಮೇಲೆ. ಮುಚ್ಚಳ ತೆಗೆದದ್ದು ಈ ವರ್ಷ ಮಾತ್ರ.

"ಯಾಕೆ ತೆಗೆದೆ?"

"ಹೊಂಟಿತ್ತಲ್ರಿ ಅದು. ತನ್ನ ಊರಿಗೆ. ಇಷ್ಟು ವರ್ಷ ನಮ್ಮ ಮನಿಯೊಳಗ ಇದ್ದಾಕಿನ್ನ ಉಡಿ ತುಂಬದಽ ಹ್ಯಾಂಗ ಕಳಸೂದು? ಮುಚ್ಚಿದ ಡಬ್ಬಿಗೆ ಉಡಿ ತುಂಬಾಕ ಬರತೈತೇನು?"

ಉಡಿ ತುಂಬುವುದು ಎಂದರೇನೆಂದು ಲ್ಯಾನ್ಸ್‌ಲಾಟ್ ಅರಬಿಯಲ್ಲಿ ಹೇಳಬೇಕಾಯಿತು: ಮನೆಮಗಳು ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಅರಿಶಿನ ಕೊಂಬು, ಎಲೆ ಅಡಿಕೆ ಹಾಕಿ ಹರಸಿ ಕಳಿಸುವುದು. ಸಾಲೆಹ್ ಚಾಕು ಮಡಿಸಿ ಜೇಬಿಗಿಟ್ಟುಕೊಂಡ.

ಆರೂ ಸುರುಳಿಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ನಡುವಿನ ತೂತಿನಲ್ಲಿ ಹಿಡಿಯಷ್ಟು ಅಕ್ಕಿ ಹಾಕಿ, ಕೊನೆಗೆ ಆರತಿ ಎತ್ತಿದ್ದ. ತಟ್ಟೆಯಿಂದ ಒಂದು ಕರ್ಪೂರ ಜಾರಿತು. ಹಳೆಯ ಕಾಲದ ಫಿಲ್ಮು ಉರಿಯುವುದಿಲ್ಲ, ಸಿಡಿಯುತ್ತದೆ. ಬಾಗಿಲಿಗೆ ಹಾರಿಕೊಳ್ಳುವಷ್ಟರಲ್ಲಿ ನಾಲ್ಕನೆಯದು ಐದನೆಯದಕ್ಕೆ ಬೆಂಕಿ ದಾಟಿಸಿತ್ತು. ಮಧ್ಯಾಹ್ನ ಎರಡೂವರೆ, ಇಡೀ ಕ್ಯಾಂಪ್ ಮಲಗಿದ ಹೊತ್ತು. ಹೊಗೆ ಕಂಡವರಿದ್ದರೂ ಎಣ್ಣೆ ಬಾವಿಯದೆಂದು ಮಗ್ಗುಲು ಬದಲಿಸಿರಬೇಕು. ತಣ್ಣಗಾದ ಮೇಲೆ ಬೂದಿ, ಸುಟ್ಟ ಡಬ್ಬಿಗಳನ್ನು ಚೀಲಕ್ಕೆ ತುಂಬಿದ, ಯಂತ್ರದ ಮಸಿ ಒರೆಸಿದ. ಅದರ ಹಿಂಬದಿಯ ಮೂಲೆಗೆ ಕೈ ಹೋಗಲಿಲ್ಲ.

"ನೀನು ಆಪರೇಟರ್. ಅದು ಬೆಂಕಿ ಹಿಡಿಯುತ್ತದೆಂದು ನಿನಗೆ ಗೊತ್ತಿರಲಿಲ್ಲವೆ?"

"ಗೊತ್ತಿಲ್ಲದಽ ಏನ್ರಿ? ಈ ಕ್ವಾಣಿಯೊಳಗ ಮೂವತ್ತೆರಡು ವರ್ಷ ಒಬ್ಬನ್ನ ಬೀಡಿ ಸೇದಾಕ ಬಿಟ್ಟಾವಲ್ಲ ನಾ. ಮ್ಯಾನೇಜರನ ಸಿಗರೇಟ ಕಸಗೊಂಡು ಹೊರಗ ಒಗದೀನಿ." ಅವನು ಸುಟ್ಟ ಅಂಗೈ ನೋಡಿಕೊಂಡ. "ಆದರ ದೇವರ ಕರ್ಪೂರ ಬೆಂಕಿ ಅಂತ ಅನಿಸಲಿಲ್ಲ ಸಾಹೇಬ್ರ. ಖರೇನ ಅನಿಸಲಿಲ್ಲ."

ಕ್ಯಾಪ್ಟನ್ ಕೂಡ ಆ ಅಂಗೈಯನ್ನು ನೋಡಿದರು. "ಅಂದೇ ಬಂದು ಕೈ ತಪ್ಪಿತು ಎಂದಿದ್ದರೆ?"

"ಕಂಪನಿ ಜಾಗಾದಾಗ ಪೂಜಿ ಮಾಡೀನಿ ಅಂತ ಆಗತಿತ್ತು. ಸೋಮವಾರಕ್ಕೊಮ್ಮೆ ನಾಕು ಮಂದಿ ಬಂದು ಕೂಡತಾರ ಇಲ್ಲಿ, ನಾ ಪುರಾಣ ಹೇಳೂದು ಕೇಳಾಕ. ಅವರ ಹೆಸರೂ ಬರತಿತ್ತು. ಅಂಜಿಕಿ ಬಂತು."

"ನಿನ್ನ ದೀಪ ಹುಡುಕಿಕೊಂಡು ನಾನು ಬಂದಿರಲಿಲ್ಲ," ಎಂದರು ಕ್ಯಾಪ್ಟನ್. ದನಿಯಲ್ಲಿ ಸಿಟ್ಟಿರಲಿಲ್ಲ. "ಮುಚ್ಚಿದ ಬಾಗಿಲ ಹಿಂದೆ ಒಬ್ಬ ಏನು ಓದುತ್ತಾನೆ ಎಂದು ಈ ಠಾಣೆಗೆ ಬಂದ ಒಂಬತ್ತು ವರ್ಷದಲ್ಲಿ ಯಾರನ್ನೂ ಕೇಳಿಲ್ಲ. ನಾನು ಹುಡುಕಿದ್ದು ಆರು ಡಬ್ಬಿ."

ಲ್ಯಾನ್ಸ್‌ಲಾಟ್ ಇದನ್ನು ಕನ್ನಡಕ್ಕೆ ತಿರುಗಿಸಿದ. ತಿರುಗಿಸುವಾಗ ಅದು ತನಗೂ ಹೇಳಿದ ಮಾತೆಂದು ತಿಳಿಯಿತು. ವಿರುಪಾಕ್ಷಪ್ಪ ಒಮ್ಮೆಗೇ ಮುದುಕನಾದವನಂತೆ ಸ್ಟೂಲಿನ ಮೇಲೆ ಕುಸಿದ. ಅಂಜಬೇಕಾದ್ದೇ ಇಲ್ಲದ ಕಡೆ ಅಂಜಿ, ಅಂಜಬೇಕಾದ್ದನ್ನು ಮಾಡಿಬಿಟ್ಟಿದ್ದ.

11.15ಕ್ಕೆ ಬಂಧನ. ಕಳವು ಎಂಬುದನ್ನು ಹೊಡೆದು ಹಾಕಿ, ಪರರ ಸ್ವತ್ತಿನ ನಾಶ, ಸಾಕ್ಷ್ಯ ಮರೆಮಾಚುವಿಕೆ, ಸುಳ್ಳು ಹೇಳಿಕೆ ಎಂದು ಬರೆದರು. ಎಡಗೈಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಹಿ ಹಾಕುವ ಕೈ ಪೆನ್ನು ಹಿಡಿಯುವಂತಿರಲಿಲ್ಲ.

12.40ಕ್ಕೆ ರಾಫೆಲನ ಬಿಡುಗಡೆ. ಬೆಲ್ಟು ಹಾಕಿಕೊಂಡ, ಜಪಮಾಲೆಗೆ ಮುತ್ತಿಟ್ಟು ಕೊರಳಿಗೆ ಹಾಕಿಕೊಂಡ, ಬೆಂಚಿನ ಮೇಲೆ ಕೂತು ಲೇಸು ಪೋಣಿಸತೊಡಗಿದ.

"ನಿಮಗೆ ಯಾವಾಗ ಗೊತ್ತಾದ್ದು?" ಎಂದು ತಲೆ ಎತ್ತದೆ ಕೇಳಿದ.

ಇವತ್ತು ಎಂದು ಹೇಳಬಹುದಿತ್ತು. "ಮಂಗಳವಾರ," ಎಂದ ಲ್ಯಾನ್ಸ್‌ಲಾಟ್.

ರಾಫೆಲ್ ಎರಡೂ ಶೂಗಳ ಲೇಸು ಕಟ್ಟಿ ಮುಗಿಸಿದ. ಎದ್ದು ಕ್ಯಾಪ್ಟನ್‌ಗೆ ಸಲಾಂ ಮಾಡಿದ, ಸಾಲೆಹ್‌ನ ಕೈ ಕುಲುಕಿದ, ಹೊರಗೆ ಹೋದ.

2.05ಕ್ಕೆ ದೋಹಾದ ವೆಸ್ಟ್ ಬೇಯ ಹೋಟೆಲಿನಿಂದ ಡಾಕ್ಟರ್ ಹೈಡ್ರುನ್ ಬಂದಳು. ಸುದ್ದಿ ಹೋಟೆಲಿಗೇ ತಲುಪಿತ್ತು. ಕಣ್ಣು ಊದಿದ್ದವು, ಆದರೆ ಬೆನ್ನು ನೆಟ್ಟಗಿತ್ತು. ಕೈಚೀಲದಿಂದ ಸಣ್ಣದೊಂದು ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟಳು. ಚನ್ನಬಸವ ಹೇಳಿದ್ದು ಅವಳಿಗೂ ಗೊತ್ತಾಗಿತ್ತು.

"ಆ ಚಿತ್ರವನ್ನು ಪೂರ್ತಿ ನೋಡಿದವರಲ್ಲಿ, ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿಟ್ಟುಕೊಂಡವನು ಭೂಮಿಯ ಮೇಲೆ ಈತನೊಬ್ಬನೇ," ಎಂದಳು. "ಅವನ ಭಾಷೆಯಲ್ಲೇ ಹೇಳಲಿ. ದೃಶ್ಯ ದೃಶ್ಯವಾಗಿ. ನಾನು ದೂರು ಹಿಂತೆಗೆದುಕೊಳ್ಳುತ್ತೇನೆ. ಬರೆದು ಕೊಡುತ್ತೇನೆ."

ಕ್ಯಾಪ್ಟನ್ ಒಪ್ಪಿದರು. ಸುಳ್ಳು ಹೇಳಿಕೆಯದು ಬೇರೆ, ಆದರೆ ದೂರು ಇಲ್ಲವಾದರೆ ಸೆರೆಮನೆ ತಪ್ಪಿ ಊರಿಗೆ ಕಳಿಸುವುದರಲ್ಲಿ ಮುಗಿದೀತು ಎಂದರು. ವಿರುಪಾಕ್ಷಪ್ಪನನ್ನು ಕರೆತಂದು ಕೂರಿಸಿದರು. ಹೈಡ್ರುನ್ ಗುಂಡಿ ಒತ್ತಿದಳು. ಟೇಪು ತಿರುಗತೊಡಗಿತು.

ಲ್ಯಾನ್ಸ್‌ಲಾಟ್ ಅವಳ ಮಾತನ್ನು ಕನ್ನಡದಲ್ಲಿ ಹೇಳಿದ. ಅಲ್ಲಿಗೆ ನಿಲ್ಲಿಸಬೇಕಿತ್ತು. ದುಭಾಷಿಯಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳದ ಮಾತೊಂದನ್ನು ತನ್ನದಾಗಿ ಸೇರಿಸಿದ.

"ಹೇಳಿಬಿಡಿ ವಿರುಪಾಕ್ಷಪ್ಪನವರೆ. ನನಗೂ ಕೇಳಬೇಕು ಅಂತ ಆಸೆ ಇದೆ. ನೀವು ಹೇಳದಿದ್ದರೆ ಅದು ಎರಡನೇ ಸಲ ಸುಟ್ಟಂತೆ."

ವಿರುಪಾಕ್ಷಪ್ಪ ತಿರುಗುವ ಟೇಪನ್ನು ನೋಡಿದ. ಅವನ ತುಟಿ ಅಲುಗಿತು. ಮೊದಲ ಸಾಲು ಅಲ್ಲೇ, ನಾಲಿಗೆಯ ತುದಿಯಲ್ಲೇ ಇತ್ತೆಂಬುದು ಲ್ಯಾನ್ಸ್‌ಲಾಟನಿಗೆ ಕಂಡಿತು.

"ಅದನ್ನ ಹೇಳೂಮುಂದ ನಾ ಬಾಯಿ ಮುಕ್ಕಳಿಸಿ ಹೇಳತಿದ್ದೆ ಸಾಹೇಬ್ರ," ಎಂದ. "ಈಗ ಎಷ್ಟ ನೀರ ಹಾಕಿದರೂ ಹೋಗೂದಿಲ್ಲ. ಐದು ದಿನಾ ರಾಫೆಲನ ಮ್ಯಾಲ ಸುಳ್ಳ ಹೊರಿಸಿದ್ದು ಇದಽ ಬಾಯಿ. ಇದರಿಂದ ಆ ಕತಿ ಹೇಳಿ, ಅದನ್ನಽ ಮಾರಿ ನಾ ಹೊರಗ ಬರಲ್ಯಾ?"

"ಹಾಗಲ್ಲ—"

"ಇಲ್ಲರಿ. ಆ ಟೇಪ್ ಬಂದ್ ಮಾಡಂತ ಹೇಳ್ರಿ ಅಕ್ಕಾಗ. ನಾ ಹೇಳೂದಿಲ್ಲ."